ಬೈಕಿಗೆ ಕಸ್ಟಮ್ ಸೀಟು: ಮಾಡಿಸಿದವರು ಅನುಭವ ಹೇಳಿ

ಪ್ರಶ್ನೆ: ದೂರದ ಸವಾರಿಯಲ್ಲಿ ಒಂದು ಗಂಟೆ ದಾಟಿದರೆ ನನಗೆ ಕೂರಲು ಆಗುವುದಿಲ್ಲ. ಬೈಕಿನ ಜೊತೆ ಬಂದ ಸೀಟು ತೆಗೆದು ಕಸ್ಟಮ್ ಸೀಟು ಹಾಕಿಸಬೇಕು ಅಂತಿದ್ದೇನೆ. ಆದರೆ ಹಣ ಕೊಟ್ಟ ಮೇಲೆ ಕೆಲವರು ಫೋನೇ ಎತ್ತುವುದಿಲ್ಲ ಅಂತ ಕೇಳಿ ಭಯವಾಗಿದೆ. ಏನು ನೋಡಿ ಕೊಳ್ಳಬೇಕು? ಸರಿಹೋಗದಿದ್ದರೆ ಏನು ಮಾಡಬೇಕು?

*

ನನ್ನ ಹಳೆಯ ಬೈಕಿಗೂ ಈಗಿನದಕ್ಕೂ ಕಸ್ಟಮ್ ಸೀಟೇ ಹಾಕಿಸಿದ್ದೇನೆ. ಧೈರ್ಯವಾಗಿ ಮಾಡಿಸಿ, ಪ್ರಯೋಜನ ಖಂಡಿತ ಇದೆ. ಆದರೆ ಮೊದಲ ಸಲಕ್ಕೇ ಪೂರ್ತಿ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಒಳ್ಳೆಯ ಕೆಲಸಗಾರರು ಮಾಡಿದ್ದಕ್ಕೂ ಸ್ವಲ್ಪ ತಿದ್ದುಪಡಿ ಬೇಕಾಗಬಹುದು. ಹಾಗಾಗಿ ಬಣ್ಣ, ಹೊಲಿಗೆ ಡಿಸೈನ್ ಮಾತಾಡುವ ಮೊದಲೇ ಕೇಳಿಬಿಡಿ: ಓಡಿಸಿ ನೋಡಿದ ಮೇಲೆ ಫೋಮ್ ತಿದ್ದಿ ಕೊಡುತ್ತೀರಾ? ಎಷ್ಟು ದಿನದೊಳಗೆ ಹೇಳಬೇಕು? ಕಳಿಸುವ ಖರ್ಚು ಯಾರದ್ದು? ಇದಕ್ಕೆ ನೇರ ಉತ್ತರ ಬರೆದು ಕೊಡುವವರ ಹತ್ತಿರವೇ ಮಾಡಿಸಿ. ನಿಮ್ಮ ಅಳತೆಗೆ ಮಾಡಿದ ಸೀಟನ್ನು ಹೆಚ್ಚಿನವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಅದನ್ನು ಇನ್ನೊಬ್ಬರಿಗೆ ಮಾರುವುದು ಕಷ್ಟ ಅಲ್ವಾ? ಅದು ನ್ಯಾಯವೇ. ಆದರೆ ತಿದ್ದಿ ಕೊಡುವ ಮಾತನ್ನು ಮಾತ್ರ ಬಿಟ್ಟುಕೊಡಬೇಡಿ.

ಇನ್ನು ನೋವಿನ ವಿಷಯ. ‘ಸೀಟು ಗಟ್ಟಿ ಇದೆ, ಮೆತ್ತಗೆ ಮಾಡಿ’ ಅಂತ ಸುಮ್ನೆ ಹೇಳಬೇಡಿ. ಮೆತ್ತನೆಯ ಫೋಮ್ ಮೇಲೆ ಐದು ನಿಮಿಷ ಕೂತರೆ ಹಾಯೆನಿಸುತ್ತದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅದು ಪೂರ್ತಿ ಕುಸಿಯುತ್ತದೆ. ಆಮೇಲೆ ಕೂರುವ ಮೂಳೆಗಳಿಗೆ ಕೆಳಗಿನ ಗಟ್ಟಿ ಪ್ಯಾನೇ, ಅಂದರೆ ಸೀಟಿನ ತಳದ ತಟ್ಟೆಯೇ ಒತ್ತುತ್ತದೆ. ನಮಗೆ ಬೇಕಿರುವುದು ಭಾರ ಅಗಲವಾಗಿ ಹರಡುವ ಆಕಾರ, ಜೊತೆಗೆ ಕುಸಿಯದಷ್ಟು ಗಟ್ಟಿಯಾದ ಫೋಮ್. ಫೋಮಿನ ಸಾಂದ್ರತೆ ಬೇರೆ, ಗಡಸುತನ ಬೇರೆ. ಸಾಂದ್ರತೆ ಚೆನ್ನಾಗಿದ್ದರೆ ಸೀಟು ಜಾಸ್ತಿ ಕಾಲ ಬಾಳುತ್ತದೆ. ಗಡಸುತನ ನಿಮ್ಮ ತೂಕಕ್ಕೆ ಹೊಂದಬೇಕು. ತೂಕ ಹೇಳುವಾಗ ಹೆಲ್ಮೆಟ್, ಜಾಕೆಟ್, ಬೂಟು ಎಲ್ಲ ಸೇರಿಸಿ ಹೇಳಿ.

ನೋವು ಎಲ್ಲಿ, ಎಷ್ಟು ಹೊತ್ತಿಗೆ ಶುರುವಾಗುತ್ತದೆ ಅಂತ ಬರೆದಿಟ್ಟುಕೊಂಡು ಹೋಗಿ. ಮೂಳೆಯ ಕೆಳಗೇ ನೋವಾದರೆ ಸಾಮಾನ್ಯವಾಗಿ ಫೋಮ್ ಕುಸಿದಿರುತ್ತದೆ. ತೊಡೆಯ ಒಳಗಡೆ ಒತ್ತಿದರೆ ಸೀಟಿನ ಅಂಚು ನೋಡಬೇಕು. ಟ್ಯಾಂಕಿನ ಕಡೆಗೆ ಜಾರುತ್ತಾ ಇದ್ದರೆ ಸೀಟು ಮುಂದಕ್ಕೆ ಇಳಿಜಾರಾಗಿದೆ ಅಂತ ಅರ್ಥ, ಅದಕ್ಕೆ ಎಷ್ಟು ಒಳ್ಳೆಯ ಫೋಮ್ ಹಾಕಿದರೂ ಉಪಯೋಗವಿಲ್ಲ. ಇಷ್ಟು ಹೇಳಿದರೆ ಕೆಲಸಗಾರರಿಗೆ ಎಲ್ಲಿ ಕೆರೆಯಬೇಕು, ಎಲ್ಲಿ ತುಂಬಬೇಕು ಅಂತ ಗೊತ್ತಾಗುತ್ತದೆ. ಆಗುವುದಾದರೆ ಕವರ್ ಹಾಕುವ ಮುಂಚೆ ಬರೀ ಫೋಮ್ ಮೇಲೆ ಓಡಿಸಿ ನೋಡಲು ಕೇಳಿ. ಕವರ್ ತೀರಾ ಬಿಗಿಯಾಗಿ ಎಳೆದರೆ ಕೆಳಗೆ ಮಾಡಿದ ಆಕಾರವೆಲ್ಲ ಹಾಳು.

ಸೀಟು ಅಗಲವಾದರೆ ಎತ್ತರ ಅಷ್ಟೇ ಇದ್ದರೂ ಕಾಲು ನೆಲಕ್ಕೆ ಎಟುಕುವುದು ಕಡಿಮೆಯಾಗುತ್ತದೆ. ಕಾಲು ಗಿಡ್ಡ ಇರುವವರು ಮುಂಭಾಗ ಕಿರಿದಾಗಿಡಲು ಹೇಳಲೇಬೇಕು.

*

ಮೇಲಿನವರು ಸೀಟಿನ ಬಗ್ಗೆ ಚೆನ್ನಾಗಿ ಹೇಳಿದ್ದಾರೆ. ನಾನು ಗ್ರಾಹಕ ಸೇವೆಯ ಬಗ್ಗೆ ಹೇಳುತ್ತೇನೆ, ಅದರಲ್ಲಿ ತುಂಬಾ ನೊಂದಿದ್ದೇನೆ.

ನನ್ನ ಸೀಟು ಹೇಳಿದ ದಿನಕ್ಕೆ ಬರಲಿಲ್ಲ. ಬಂದಾಗ ಸೀಟನ್ನು ಬೈಕಿಗೆ ಹಿಡಿಸುವ ಹಿಂಬದಿಯ ಲಾಕ್ ಪಿನ್ ಕೂರಲಿಲ್ಲ. ಫೋನ್ ಮಾಡಿದಾಗಲೆಲ್ಲ ಬೇರೆಯವರು ಎತ್ತಿ, ‘ನೋಡುತ್ತೇವೆ ಸರ್’ ಅನ್ನುತ್ತಿದ್ದರು. ಕೊನೆಗೆ ಕೆಲಸ ಮಾಡಿದ್ದು ಒಂದೇ ಒಂದು ಮೇಲ್. ಆರ್ಡರ್ ನಂಬರ್, ಬೈಕಿನ ಮಾಡೆಲ್ ಮತ್ತು ವರ್ಷ, ಪಿನ್ ಎಲ್ಲಿ ತಪ್ಪುತ್ತಿದೆ ಅಂತ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಫೋಟೋ, ನನಗೆ ಏನು ಬೇಕು, ಯಾವ ದಿನದೊಳಗೆ ಉತ್ತರ ಬೇಕು. ಅಷ್ಟೇ ಬರೆದೆ, ಕೋಪದ ಮಾತು ಒಂದೂ ಇಲ್ಲ. ಮೇಲ್ ನೇರ ಸೀಟು ಕೆಲಸ ಮಾಡುವವರ ಕೈಗೇ ಹೋಯಿತು. ಅವರು ಕೂಡಲೇ ಅರ್ಥ ಮಾಡಿಕೊಂಡು ಪ್ಯಾನ್ ಬದಲಿಸಿ ಕೊಟ್ಟರು. ಫೋನಿನಲ್ಲಿ ಮಾತಾಡಿದರೂ ಆಮೇಲೆ ‘ನೀವು ಹೀಗೆ ಹೇಳಿದಿರಿ’ ಅಂತ ಒಂದು ಮೇಲ್ ಹಾಕಿಡಿ.

ದೋಷ ಬೇರೆ, ಆರಾಮ ಬೇರೆ ಅನ್ನುವುದು ನೆನಪಿರಲಿ. ಪಿನ್ ಕೂರದಿರುವುದು, ಹೊಲಿಗೆ ಬಿಚ್ಚುವುದು, ತಪ್ಪು ಬಣ್ಣ, ಇವು ದೋಷ. ಸರಿಮಾಡುವ ಹೊಣೆ ಪೂರ್ತಿ ಅವರದ್ದು, ಗಟ್ಟಿಯಾಗಿ ಕೇಳಿ. ‘ಇನ್ನೂ ಸ್ವಲ್ಪ ನೋಯುತ್ತದೆ’ ಅನ್ನುವುದು ಇಬ್ಬರೂ ಸೇರಿ ಸರಿಮಾಡಿಕೊಳ್ಳುವ ವಿಷಯ. ಎರಡನ್ನೂ ಒಂದೇ ಪತ್ರದಲ್ಲಿ ಕಲಸಿದರೆ ದೋಷದ ಮಾತೂ ಹಗುರವಾಗುತ್ತದೆ.

ಕಾರ್ಡ್‌ನಲ್ಲಿ ಹಣ ಕಟ್ಟಿದರೆ ತಕರಾರು ಹಾಕಲು ಒಂದು ಗಡುವು ಇರುತ್ತದೆ. ಸೀಟು ತಯಾರಾಗುವುದಕ್ಕೇ ತಿಂಗಳುಗಟ್ಟಲೆ ಹಿಡಿದರೆ ಆ ಗಡುವು ದಾಟಬಹುದು. ಬ್ಯಾಂಕಿನಲ್ಲಿ ಮೊದಲೇ ವಿಚಾರಿಸಿ. ಪೂರ್ತಿ ಹಣ ಮುಂಗಡ ಕೊಡದಿದ್ದರೆ ಇನ್ನೂ ಒಳ್ಳೆಯದು.

*

ಚಿಕ್ಕದೊಂದು ಸೇರಿಸುತ್ತೇನೆ. ತಯಾರಕರಲ್ಲಿ ಎರಡು ಬಗೆ. ಅಮೆರಿಕದ ಕಾರ್ಬಿನ್ ತರಹದವರು ತಮ್ಮದೇ ಪ್ಯಾನ್ ಮೇಲೆ ಹೊಸ ಸೀಟು ಕಟ್ಟುತ್ತಾರೆ. ರಸೆಲ್ ಡೇ-ಲಾಂಗ್ ತರಹದವರು ನಿಮ್ಮ ಸೀಟನ್ನೇ ತರಿಸಿಕೊಂಡು, ನೀವು ಬೈಕ್ ಮೇಲೆ ಕೂತ ಫೋಟೋ ನೋಡಿ ಮಾಡುತ್ತಾರೆ. ಎರಡನೆಯದಾದರೆ ಅಷ್ಟು ದಿನ ಬೈಕ್ ನಿಲ್ಲಿಸಬೇಕಾಗುತ್ತದೆ. ಹಳೆಯದೊಂದು ಸೆಕೆಂಡ್ ಹ್ಯಾಂಡ್ ಸೀಟು ಕೊಂಡು ಅದನ್ನು ಕಳಿಸಿ, ನಿಮ್ಮದು ಮನೆಯಲ್ಲೇ ಇರಲಿ. ಮಾಡೆಲ್ ಹೆಸರು ಒಂದೇ ಆದರೂ ವರ್ಷ ಬದಲಾದರೆ ಲಾಕ್ ಬೇರೆ ಇರಬಹುದು, ನೋಡಿ ಕೊಳ್ಳಿ.

*

ಹೊಸ ಫೋಮ್ ಮೊದಮೊದಲು ಗಟ್ಟಿ ಅನಿಸುತ್ತದೆ. ಬಂದ ದಿನವೇ ದೂರು ಬರೆಯಬೇಡಿ, ಸ್ವಲ್ಪ ಓಡಿಸಿ ಪಳಗಿಸಿ. ಆದರೆ ತಿದ್ದುಪಡಿಯ ಗಡುವಿನ ಮೇಲೂ ಕಣ್ಣಿರಲಿ. ಸೀಟಿನೊಳಗೆ ಜೆಲ್ ಪದರ ಹಾಕಿಸುವವರು ಗಮನಿಸಿ, ಬಿಸಿಲಲ್ಲಿ ನಿಲ್ಲಿಸಿದರೆ ಜೆಲ್ ಕಾದು ಬಹಳ ಹೊತ್ತು ಆರುವುದಿಲ್ಲ. ಕೂರುವ ಜಾಗದ ನಡುವೆ ಹೊಲಿಗೆ ಬಂದರೆ ಮಳೆನೀರು ಅಲ್ಲಿಂದಲೇ ಒಳಗಿಳಿದು ಫೋಮ್ ನೆನೆಯುತ್ತದೆ, ಒಣಗಲು ದಿನಗಳೇ ಬೇಕು. ಹೊಲಿಗೆ ಪಕ್ಕಕ್ಕೆ ಹಾಕಿಸಿ, ಇಲ್ಲವೇ ಒಳಗಿನಿಂದ ಸೀಲ್ ಮಾಡಿಸಿ.

ಹಿಂದೆ ಕೂರುವವರ ಎತ್ತರ, ತೂಕವನ್ನೂ ಆರ್ಡರ್‌ನಲ್ಲೇ ಬರೆಸಿ. ಅವರ ಭಾಗವನ್ನು ಆಮೇಲೆ ಬಿಚ್ಚಿ ತಿದ್ದಬೇಕಾದರೆ ಕವರ್ ಪೂರ್ತಿ ಹೊಸದಾಗಿ ಹೊಲಿಸಬೇಕಾಗಬಹುದು.