ಗ್ರೀಕಿನ 'ಪರೇಆ'ಗೆ ಕನ್ನಡದಲ್ಲಿ ಏನು? (ತುರ್ತು, ನಾಳೆ ಪುಟ ಹೋಗುತ್ತೆ)

ಪ್ರೂಫ್‌ರಾಣಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು. ನಾಳೆ ಬೆಳಿಗ್ಗೆ 10ಕ್ಕೆ ವಿಶೇಷಾಂಕದ ಪುಟ ಅಚ್ಚಿಗೆ ಹೋಗುತ್ತದೆ. ದಯವಿಟ್ಟು ಇವತ್ತೇ ಹೇಳಿ.

ಕಳೆದ ಸೆಪ್ಟೆಂಬರಿನಲ್ಲಿ ನಾವು ಐದು ಜನ ಗ್ರೀಸಿನ ಝಗೋರಿ ಸೀಮೆಯಲ್ಲಿ ಎಂಟು ದಿನ ಇದ್ದೆವು. ದೇಶದ ವಾಯವ್ಯ ಮೂಲೆ, ಪಿಂಡಸ್ ಬೆಟ್ಟಸಾಲು, 46 ಕಲ್ಲಿನ ಊರುಗಳು. ನಾವು ಉಳಿದದ್ದು ಕೀಪಿ ಎಂಬ ಊರಿನಲ್ಲಿ. ನೋಡಬೇಕಾದ ಜಾಗಗಳ ಪಟ್ಟಿ ಒಯ್ದಿದ್ದೆವು. ಎರಡನೇ ದಿನ ಅದು ಎಲ್ಲಿ ಹೋಯಿತೋ ಗೊತ್ತಿಲ್ಲ, ಯಾರೂ ಹುಡುಕಲೂ ಇಲ್ಲ. ಬೆಳಿಗ್ಗೆ 1750ರಲ್ಲಿ ಕಟ್ಟಿದ ಕೊಕ್ಕೋರಿ ಸೇತುವೆವರೆಗೆ ನಡೆಯುವುದು. ಬಂದು ಹಿಟ್ಟು, ಚೀಸ್ ಹಾಕಿ ಬೇಯಿಸಿದ ತೆಳ್ಳನೆ ಪೀಟಾ ತಿನ್ನುವುದು. ಮಧ್ಯಾಹ್ನ ಊರಿಗೆ ಊರೇ ಮಲಗಿದಾಗ ನಾವೂ ಮಲಗುವುದು. ಸಂಜೆ ಚೌಕದಲ್ಲಿ ಮರದ ಕೆಳಗೆ ಕೂರುವುದು. ಎಂಟು ದಿನವೂ ಇಷ್ಟೇ. ಲೇಖನವೂ ಇಷ್ಟೇ.

ಕೊನೆಯ ಸಂಜೆ ಕಾಫಿ ಅಂಗಡಿಯ ಮುಂದೆ ಮೂವರು ಮುದುಕರು ಕೂತಿದ್ದರು. ನಮ್ಮಲ್ಲಿ ಒಬ್ಬಳಿಗೆ ಸ್ವಲ್ಪ ಗ್ರೀಕ್ ಬರುತ್ತದೆ. ಅವಳನ್ನು ನೋಡಿ ಒಬ್ಬರು ಅಂದರು: "ಎಲಾ ನಾ ಮಾಸ್ ಕಾನಿಸ್ ಪರೇಆ." ('ಎಲಾ' ಅಂದರೆ ಬಾ ಅಂತ. ನಮಗೆ ಮೊದಲ ದಿನ ಯಾರೋ ಬೈಯುತ್ತಿದ್ದಾರೆ ಅನ್ನಿಸಿತ್ತು.) ಪದಕ್ಕೆ ಪದ ಹಾಕಿದರೆ 'ಬಾ, ನಮಗೆ ಪರೇಆ ಮಾಡು'. ಗೆಳೆಯರ ಗುಂಪಿಗೂ, ಹಾಗೆ ಕೂಡಿ ಕೂರುವುದಕ್ಕೂ ಅವರಲ್ಲಿ ಇದೇ ಪದ. ಐವರೂ ಹೋಗಿ ಕೂತೆವು. ಕಾಫಿಯನ್ನು ಅವರೇ ಕೊಡಿಸಿದರು, ದುಡ್ಡು ಕೊಡಲು ಬಿಡಲಿಲ್ಲ.

ಲೇಖನ ನಿಲ್ಲುವುದು ಈ ಮಾತಿನ ಮೇಲೆ. ನಾನು 'ಗೆಳೆಯರ ಬಳಗ' ಎಂದು ಬರೆದಿದ್ದೆ. ಓದಿದರೆ ಮದುವೆ ಕಾಗದದ ಕೆಳಗೆ 'ಬಂಧು ಬಳಗದವರ ಆಗಮನ ಕೋರುವ' ಎಂದ ಹಾಗೆ ಕೇಳುತ್ತದೆ. ಬೇರೆ ಪದ ಕೊಡಿ.

ಇನ್ನೊಂದು ಸಣ್ಣದು. ಆ ಚೌಕದ ಮರ ಇಂಗ್ಲಿಷಿನಲ್ಲಿ ಪ್ಲೇನ್ ಟ್ರೀ. ನಮ್ಮ ಕಚೇರಿಯ ಹುಡುಗ ಅದನ್ನು ಯಂತ್ರಕ್ಕೆ ಕೊಟ್ಟು 'ವಿಮಾನ ಮರ' ಎಂದು ತಂದಿದ್ದಾನೆ.

ಒಳನುಡಿ ಬರೆದದ್ದು:

ಒಡನಾಟ. ಇದಕ್ಕೆ ಇಶ್ಟು ಉದ್ದದ ಓಲೆ ಬೇಕಿರಲಿಲ್ಲ.

ಮಂದಿಗೆ ಹೆಸರು ಬೇಕಾದರೆ 'ಗೆಳೆಕೂಟ'. ಮರಕ್ಕೆ 'ಸುಲಿತೊಗಟೆ ಮರ', ಅದರ ತೊಗಟೆ ಸುಲಿದು ಬೀಳುತ್ತದೆ. 'ಪರೇಆ' ಎಂದು ಹಾಗೇ ಇಡಬೇಡಿ. ತೆರೆಯುಲಿಯ (ನೀವು ಸ್ವರ ಎನ್ನುವುದು) ಮುಂದೆ ತೆರೆಯುಲಿ ನಮ್ಮಲ್ಲಿ ನಿಲ್ಲುವುದಿಲ್ಲ. ಬರೆಯಲೇಬೇಕು ಎಂದರೆ 'ಪರೇಯ'.

ದೋಸ್ತ ಬರೆದದ್ದು:

ಸುಲಿತೊಗಟೆ ಮರ! ಪೇರಲೆ ಮರದ್ದೂ ತೊಗಟೆ ಸುಲಿಯುತ್ತದೆ ಸಾರ್, ಅದನ್ನು ಏನಂತ ಕರೆಯೋಣ?

ಪ್ರೂಫ್‌ರಾಣಿಯವರೇ, ಕಾಶ್ಮೀರದ ಚಿನಾರ್ ಇದೇ ಮರ. ಸಸ್ಯಶಾಸ್ತ್ರದ ಹೆಸರು ಎರಡಕ್ಕೂ ಒಂದೇ, ಪ್ಲಟಾನಸ್ ಓರಿಯೆಂಟಾಲಿಸ್. ಓದುಗರಿಗೆ ಚಿನಾರ್ ಗೊತ್ತು, ಕ್ಯಾಲೆಂಡರಿನಲ್ಲಿ ನೋಡಿರುತ್ತಾರೆ. ಸುಮ್ನೆ ಚಿನಾರ್ ಅಂತ ಹಾಕಿ.

ಪರೇಆಗೆ ನಮ್ಮ ಕಡೆ 'ದೋಸ್ತರ ಮಂದಿ' ಅಂತೀವಿ. ಹಳ್ಳಿಯಲ್ಲಿ 'ಗೆಣೆಯ', 'ಗೆಣೆತನ' ಇನ್ನೂ ಇವೆ. ನಿಮ್ಮ ಕಡೆಯವರಿಗೆ 'ಪಟಾಲಂ' ಸರಿಹೋಗಬಹುದು.

ಒಳನುಡಿ ಬರೆದದ್ದು:

ದೋಸ್ತ ಪಾರಸಿ. ಪಟಾಲಂ ದಂಡಿನ ಮಾತು, ಕನ್ನಡದ್ದಲ್ಲ. ಗೆಣೆಯ ಒಪ್ಪಿದೆ.

ನಿವೃತ್ತ ಮೇಷ್ಟ್ರು ಬರೆದದ್ದು:

ಗ್ರೀಕ್ ಎಂದ ಕೂಡಲೇ ಒಂದು ವಿಷಯ ನೆನಪಿಸಬೇಕು. ಗ್ರೀಕರಿಗೆ ಕನ್ನಡ ಹೊಸದಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ 413ನ್ನು ನೋಡಿ. 2ನೇ ಶತಮಾನದ್ದು, ಅಚ್ಚಾದದ್ದು 1903ರಲ್ಲಿ. ಒಂದು ಗ್ರೀಕ್ ಪ್ರಹಸನ. ಅದರಲ್ಲಿ ಭಾರತದ ಕಡಲ ತೀರದ ಪಾತ್ರಗಳು ಆಡುವ ಮಾತು ಕನ್ನಡವಿರಬಹುದು ಎಂದು ಜರ್ಮನ್ ವಿದ್ವಾಂಸ ಹುಲ್ಟ್ಸ್ 1904ರಲ್ಲೇ ಬರೆದರು. ಗೋವಿಂದ ಪೈ ಅವರೂ ಅದರ ಮೇಲೆ ಕೆಲಸ ಮಾಡಿದರು. ಹೀಗಿರುವಾಗ 'ಪರೇಆ' ನಮ್ಮ 'ಪರಿವಾರ'ದ ಕಡೆಯಿಂದ ಹೋಗಿರಬಾರದೇಕೆ? ವಕಾರ ಬಿದ್ದು, ಕೊನೆಯ ರೇಫ ಸವೆದು...

ಏಜಿಯನ್ ಕನ್ನಡಿಗ ಬರೆದದ್ದು:

ಮೇಷ್ಟ್ರೇ, ಆ ಪ್ರಹಸನದಲ್ಲಿ ಪರೇಆ ಇಲ್ಲ. ಆ ಸಾಲುಗಳು ಕನ್ನಡ ಎಂಬುದನ್ನು ಒಪ್ಪದವರೂ ಬಹಳ ಇದ್ದಾರೆ. ಪರಿವಾರವಂತೂ ಸಂಸ್ಕೃತ. ಹಾಗಾದರೆ ಕನ್ನಡಕ್ಕೆ ಬಂದ ಲಾಭ ಏನು?

ನಾನು ಅಥೆನ್ಸಿನಲ್ಲಿ ಆರು ವರ್ಷ ಇದ್ದೆ. ಪರೇಆ ಹಳೆಯ ಗ್ರೀಕ್ ಪದವೇ ಅಲ್ಲ. ಅಲ್ಲಿನ ನಿಘಂಟುಗಳು ಸಾಮಾನ್ಯವಾಗಿ ಬೊಟ್ಟು ಮಾಡುವುದು ಲಾಡಿನೋ ಕಡೆಗೆ. 1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನು ಹೊರಹಾಕಿತು. ಅವರಲ್ಲಿ ಬಹಳ ಜನ ಆಗ ಆಟೊಮನ್ ತುರ್ಕರ ಆಳ್ವಿಕೆಯಲ್ಲಿದ್ದ, ಈಗ ಗ್ರೀಸಿನಲ್ಲಿರುವ ಥೆಸಲೊನೀಕಿಗೆ ಬಂದು ನೆಲೆಸಿದರು. ಅವರು ಆಡುತ್ತಿದ್ದ ಸ್ಪ್ಯಾನಿಷ್ ಬಗೆಯ ಮಾತೇ ಲಾಡಿನೋ. ಅದರಲ್ಲಿ ಪರೇಆ ಅಂದರೆ ಜೋಡಿ, ಎರಡು. ಜೋಡಿ ಅನ್ನುವುದು ಬೆಳೆದು ಜೊತೆಗಾರರ ಗುಂಪಾಯಿತು, ಆಮೇಲೆ ಗುಂಪಿನಲ್ಲಿ ಕೂರುವ ಕೆಲಸಕ್ಕೂ ಹೆಸರಾಯಿತು.

ಒಡನಾಟ ಯಾಕೆ ಒಗ್ಗುವುದಿಲ್ಲ ಅಂದರೆ, ಅದು ವರ್ಷಗಟ್ಟಲೆ ನಡೆಯುವಂಥದ್ದು. 'ಅವರಿಬ್ಬರದು ನಲವತ್ತು ವರ್ಷದ ಒಡನಾಟ' ಅಂತೀವಿ. ಮುದುಕ ಕೇಳಿದ್ದು ಅರ್ಧ ಗಂಟೆ. 'ಬಾ, ನಮಗೆ ಒಡನಾಟ ಮಾಡು' ಎಂದು ಯಾವ ಅಜ್ಜ ಅಂದಾನು?

ಒಳನುಡಿ ಬರೆದದ್ದು:

ಅವರು ಸಾಲ ತಂದರು ಎಂದು ನಾವೂ ತರಬೇಕೇ?

ಏಜಿಯನ್ ಕನ್ನಡಿಗ ಬರೆದದ್ದು:

ತರಬೇಕು ಅಂತ ಯಾರು ಹೇಳಿದರು? ಆದರೆ ಈ ಲೇಖನದಲ್ಲಿ ಸಾಲವಿಲ್ಲದ ಜಾಗ ಎಲ್ಲಿದೆ ತೋರಿಸಿ. ಝಗೋರಿ ಎಂಬ ಹೆಸರೇ ಸ್ಲಾವ್ ಮಾತು, 'ಬೆಟ್ಟದ ಹಿಂದೆ' ಎಂದು ಅರ್ಥ. ಕಾಫಿ ಅಂಗಡಿಗೆ ಅವರು ಅನ್ನುವ 'ಕಫೆನೀಓ' ತುರ್ಕಿಯಿಂದ ಬಂದದ್ದು. ಕಲ್ಲು ಹಾಸಿದ ಕಾಲುದಾರಿಗೆ 'ಕಲ್ದೆರೀಮಿ', ಅದೂ ತುರ್ಕಿಯೇ. ನಿಮ್ಮಂಥವರು ಅಲ್ಲೂ ಇದ್ದರು. ಕಳೆದ ಶತಮಾನದಲ್ಲಿ ಊರ ಹೆಸರುಗಳನ್ನೆಲ್ಲ ತಿದ್ದಿದರು. ಸುದೆನಾ ಹೋಗಿ ಪೆದಿನಾ ಆಯಿತು, ಆರ್ತ್ಸಿಸ್ತಾ ಹೋಗಿ ಅರಿಸ್ತಿ ಆಯಿತು. ಪ್ರೂಫ್‌ರಾಣಿಯವರು ಇದ್ದ ಕೀಪಿಯ ಹಳೆಯ ಹೆಸರು ಬಾಯಾ.

ನಾವು ಕೂಡ ಗ್ರೀಕರಿಂದ ತಂದಿದ್ದೇವೆ. ಕೇಂದ್ರ ಅವರ 'ಕೆಂಟ್ರೋನ್'. ಶಾಸನದ ದ್ರಮ್ಮ ಅವರ ದ್ರಾಖ್ಮಾ. ಎರಡೂ ಸಂಸ್ಕೃತದ ಮನೆ ಹಾದು ಬಂದವು, ಅಷ್ಟೇ.

ಒಳನುಡಿ ಬರೆದದ್ದು:

ಅದಕ್ಕೇ ನಾನು 'ನಡು' ಎನ್ನುವುದು.

ದೋಸ್ತ ಬರೆದದ್ದು:

ಹಾಗಾದರೆ ಕೇಂದ್ರ ಸರ್ಕಾರ ನಡು ಸರ್ಕಾರವೋ?

ಒಳನುಡಿ ಬರೆದದ್ದು:

ಸರ್ಕಾರವೂ ಪಾರಸಿ. 'ನಡುವಾಳಿಕೆ' ಎನ್ನಿ.

ಮಡಿಕೇರಿಯಿಂದ ಬರೆದದ್ದು:

ಜಗಳ ನಡೆಯಲಿ. ಅಷ್ಟರಲ್ಲಿ ನನ್ನದೊಂದು. ಪ್ರೂಫ್‌ರಾಣಿಯವರು ನನಗೆ ಕರಡು ಕಳಿಸಿದ್ದರು. ಅದರಲ್ಲಿ ಊರಿನ ಮೇಲಿನ ಇಳಿಜಾರಿನ ಕಾಡನ್ನು 'ಪವಿತ್ರ ಅರಣ್ಯ' ಎಂದು ಬರೆದಿದ್ದಾರೆ. ಅಲ್ಲಿ ಮರ ಕಡಿದರೆ ಚರ್ಚಿನಿಂದ ಬಹಿಷ್ಕಾರ ಎಂಬ ಹೆದರಿಕೆ ಇತ್ತಂತೆ. ಆ ಮರಗಳು ಮಣ್ಣು ಹಿಡಿದದ್ದರಿಂದ ಗುಡ್ಡ ಕುಸಿದು ಊರಿನ ಮೇಲೆ ಬೀಳಲಿಲ್ಲ. 2023ರಲ್ಲಿ ಝಗೋರಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗ ಯುನೆಸ್ಕೋ ಈ ಕಾಡುಗಳನ್ನೂ ಹೆಸರಿಸಿದೆ. ಇದಕ್ಕೆ ಕೊಡಗಿನಲ್ಲಿ ಪದ ಹುಡುಕಬೇಕಾಗಿಲ್ಲ. ದೇವರಕಾಡು. ಪವಿತ್ರ ಅರಣ್ಯವನ್ನು ದಯವಿಟ್ಟು ಹೊಡೆದುಹಾಕಿ.

ನಿವೃತ್ತ ಮೇಷ್ಟ್ರು ಬರೆದದ್ದು:

ದೇವರಕಾಡು ಸರಿ. ಆದರೆ ಪಪೈರಸ್ ವಿಷಯಕ್ಕೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ.

ಪ್ರೂಫ್‌ರಾಣಿ ಬರೆದದ್ದು:

ಮೇಷ್ಟ್ರೇ, ಪಪೈರಸ್‌ಗೆ ಬೇರೆ ಎಳೆ ತೆಗೆಯಿರಿ, ನಾನೂ ಬರುತ್ತೇನೆ. ಚಿನಾರ್, ದೇವರಕಾಡು ಎರಡನ್ನೂ ತೆಗೆದುಕೊಂಡೆ.

ಏಜಿಯನ್ ಕನ್ನಡಿಗರು ಬರೆದ 'ಜೋಡಿ' ಓದಿ ಎದ್ದು ಕೂತೆ. ನಮ್ಮ 'ಜೊತೆ' ಕೂಡ ಇದೇ ದಾರಿಯಲ್ಲಿ ನಡೆದಿದೆ ಅಲ್ವಾ? ಒಂದು ಜೊತೆ ಚಪ್ಪಲಿ, ಒಂದು ಜೊತೆ ಎತ್ತು ಅಂದರೆ ಎರಡು. ಮನೆಯಲ್ಲಿ ಒಬ್ಬಳೇ ಇದ್ದರೆ "ರಾತ್ರಿ ಜೊತೆಗೆ ಯಾರಿದ್ದಾರೆ?" ಎಂದು ಅಮ್ಮ ಕೇಳುವಾಗ ಎರಡರ ಲೆಕ್ಕ ಇಲ್ಲ. ಚಿಕ್ಕವಳಿದ್ದಾಗ ನನ್ನನ್ನು ಪಕ್ಕದ ಮನೆ ಅಜ್ಜಿಯ ಹತ್ತಿರ ಕಳಿಸುತ್ತಿದ್ದರು, "ಹೋಗಿ ಸ್ವಲ್ಪ ಹೊತ್ತು ಜೊತೆಗಿರು" ಅಂತ. ಮಾಡುವ ಕೆಲಸ ಏನೂ ಇರುತ್ತಿರಲಿಲ್ಲ. ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದರು, ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ. ಮುದುಕರು ಕೇಳಿದ್ದು ಇದನ್ನೇ.

ಸಾಲು ಹೀಗೆ ಮಾಡಿದ್ದೇನೆ: "ಬಾಮ್ಮ, ಸ್ವಲ್ಪ ಹೊತ್ತು ನಮ್ಮ ಜೊತೆಗಿರು." ನಾವು ಐವರಿಗೆ ಬೇರೆ ಕಡೆಗಳಲ್ಲಿ 'ನಮ್ಮ ಪಟಾಲಂ'. ಒಳನುಡಿಯವರು ಕ್ಷಮಿಸಬೇಕು.

ದೋಸ್ತ ಬರೆದದ್ದು:

'ಬಾಮ್ಮ' ಚೆನ್ನಾಗಿದೆ. 'ಎಲಾ'ದಲ್ಲಿ ಇಲ್ಲದ ಅಮ್ಮ ಅದು, ಆದರೂ ಇರಲಿ. ನಮ್ಮಲ್ಲಿ ಮುದುಕರು ಹಾಗೇ ಕರೆಯುವುದು.

ಒಳನುಡಿ ಬರೆದದ್ದು:

ಜೊತೆ ಒಪ್ಪಿದೆ. ಅಚ್ಚ ಕನ್ನಡ.

ಏಜಿಯನ್ ಕನ್ನಡಿಗ ಬರೆದದ್ದು:

ಸಂಸ್ಕೃತದ 'ಯುತ'ದ ತದ್ಭವ ಅನ್ನುವವರೂ ಇದ್ದಾರೆ ಸಾರ್.

ಒಳನುಡಿ ಬರೆದದ್ದು:

ಸುಳ್ಳು.

ಮಡಿಕೇರಿಯಿಂದ ಬರೆದದ್ದು:

1901ರಲ್ಲಿ ಅಥೆನ್ಸಿನವರು ಇಂಥದ್ದೇ ಜಗಳವನ್ನು ಬೀದಿಗೆ ತಂದಿದ್ದರು. ಬೈಬಲಿನ ಸುವಾರ್ತೆಯನ್ನು ಆಡುಮಾತಿಗೆ ತಂದರು ಅಂತ ಗಲಾಟೆಯಾಗಿ ಎಂಟು ಜನ ಸತ್ತರು. ಆಡುಮಾತು ಅಲ್ಲಿ ಅಧಿಕೃತ ಆಗಲು 1976ರವರೆಗೆ ಕಾಯಬೇಕಾಯಿತು. ಪ್ರೂಫ್‌ರಾಣಿಯವರಿಗೆ ನಾಳೆ 10ರವರೆಗೆ ಮಾತ್ರ ಸಮಯ ಇದೆ. ಬಿಟ್ಟುಬಿಡಿ.

ನಿವೃತ್ತ ಮೇಷ್ಟ್ರು ಬರೆದದ್ದು:

'ಜೊತೆ'ಯೋ 'ಜತೆ'ಯೋ? ಪತ್ರಿಕೆಯವರು ಒಂದೇ ಪುಟದಲ್ಲಿ ಎರಡೂ ಹಾಕುತ್ತಾರೆ. ಇದು ಮೊದಲು ತೀರ್ಮಾನ ಆಗಬೇಕು.

ಪ್ರೂಫ್‌ರಾಣಿ ಬರೆದದ್ದು:

ಪುಟ ಈಗಷ್ಟೇ ಕಳಿಸಿದೆ ಮೇಷ್ಟ್ರೇ. ಜೊತೆ.