ಲಾ ನಿನಾ, ಎಲ್ ನಿನೊ ನೋಡಿ ನಮ್ಮ ಕರಾವಳಿಯ ಡಿಸೆಂಬರ್ ಮಳೆ ಹೇಳಲಿಕ್ಕಾಗುತ್ತದಾ?

ಅಂಗಳದಡಿಕೆ (ಕಾರ್ಕಳ):

ಹಣ್ಣಡಿಕೆ ಅಂಗಳಕ್ಕೆ ಬರುವ ಹೊತ್ತಿಗೆ ಪ್ರತಿ ವರ್ಷ ಇದೇ ಚರ್ಚೆ ಶುರುವಾಗುತ್ತದೆ. ಎಲ್ ನಿನೊ (ಪೆಸಿಫಿಕ್ ಸಾಗರದ ನಡು, ಪೂರ್ವದ ನೀರು ವಾಡಿಕೆಗಿಂತ ಬಿಸಿ) ಆದರೆ ಹಿಂಗಾರು ಜೋರು, ಲಾ ನಿನಾ (ಅದೇ ನೀರು ವಾಡಿಕೆಗಿಂತ ತಂಪು) ಆದರೆ ಸೊರಗುತ್ತದೆ ಅಂತ ಪತ್ರಿಕೆಯಲ್ಲೂ ಯೂಟ್ಯೂಬಿನಲ್ಲೂ ಹೇಳುತ್ತಾರೆ. ಆದರೆ 2021 ಲಾ ನಿನಾ ವರ್ಷ, ಆ ನವೆಂಬರಿನಲ್ಲಿ ಬಿಡದೆ ಮಳೆ. 2024ರಲ್ಲಿ ಫೆಂಗಲ್ ಚಂಡಮಾರುತ ದಡ ಸೇರಿದ್ದು ಪುದುಚೇರಿ ಹತ್ತಿರ, ಶಾಲೆಗಳಿಗೆ ರಜೆ ಕೊಡಬೇಕಾದಷ್ಟು ಮಳೆ ದಕ್ಷಿಣ ಕನ್ನಡ, ಉಡುಪಿಯಲ್ಲಿ.

ಅಷ್ಟು ದೂರದ ಪೆಸಿಫಿಕ್‌ನ ಬಿಸಿ ನಮ್ಮ ಚಳಿಗಾಲದ ಮಳೆಗೆ ಹೇಗೆ ಮುಟ್ಟುತ್ತದೆ? ಯಾವ ಸೂಚ್ಯಂಕವನ್ನು ಯಾವ ತಿಂಗಳಲ್ಲಿ ನೋಡಿದರೆ ಉಪಯೋಗ ಉಂಟು? ಚಾಲಿಗೆ (ಹಣ್ಣಡಿಕೆಯನ್ನು ಸಿಪ್ಪೆಸಮೇತ ಒಣಗಿಸಿದ್ದು) 40–45 ದಿನದ ಬಿಸಿಲು ಬೇಕು, ಹಾಗಾಗಿ ನಾಳಿನ ಮುನ್ಸೂಚನೆ ಮಾತ್ರ ಸಾಲುವುದಿಲ್ಲ. ಗೊತ್ತಿದ್ದವರು ಸ್ವಲ್ಪ ವಿವರವಾಗಿ ಹೇಳಿ.

ಪಣಂಬೂರು_ಗಾಳಿ:

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳುವ, ಎಷ್ಟೋ ಗೊಂದಲ ಇಲ್ಲಿಂದಲೇ ಹುಟ್ಟುವುದು. ಹವಾಮಾನ ಇಲಾಖೆ ಅಕ್ಟೋಬರ್–ಡಿಸೆಂಬರ್ ಹಿಂಗಾರಿನ ಮುನ್ಸೂಚನೆ ಕೊಡುವಾಗ ಐದು ಉಪವಿಭಾಗಗಳನ್ನು ಒಟ್ಟಿಗೆ ಲೆಕ್ಕ ಹಿಡಿಯುತ್ತದೆ: ತಮಿಳುನಾಡು, ಕರಾವಳಿ ಆಂಧ್ರ, ರಾಯಲಸೀಮೆ, ಕೇರಳ, ದಕ್ಷಿಣ ಒಳನಾಡು ಕರ್ನಾಟಕ. ಕರಾವಳಿ ಕರ್ನಾಟಕ ಅದರಲ್ಲಿ ಇಲ್ಲ. "ಹಿಂಗಾರು ವಾಡಿಕೆಗಿಂತ ಹೆಚ್ಚು" ಎಂಬ ತಲೆಬರಹ ಓದಿ ಉಡುಪಿಯಲ್ಲಿ ಟಾರ್ಪಾಲು ತರುವುದರಲ್ಲಿ ಅರ್ಥ ಇಲ್ಲ.

ಕಾರಣ ಘಟ್ಟ. ಚಳಿಗಾಲದ ಗಾಳಿ ಈಶಾನ್ಯದಿಂದ ಬರುತ್ತದೆ. ಬಂಗಾಳ ಕೊಲ್ಲಿಯ ತೇವ ತಮಿಳುನಾಡಿನ ದಡದಲ್ಲೇ ಸುರಿದುಹೋಗಿ, ಉಳಿದ ಗಾಳಿ ಘಟ್ಟ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ಈ ಮೂಡಣ ಗಾಳಿ ಬಲವಾಗಿದ್ದ ದಿನ ಕಡಲಗಾಳಿ ತಡವಾಗಿ ಒಳಬರುತ್ತದೆ. ಡಿಸೆಂಬರ್, ಜನವರಿಯಲ್ಲೂ ಪಣಂಬೂರಿನ ಗರಿಷ್ಠ ತಾಪಮಾನ ಕೆಲವು ದಿನ ದೇಶದ ಪಟ್ಟಿಯಲ್ಲೇ ಮೇಲೆ ಕಾಣುವುದು ಅದಕ್ಕೇ. ನಮ್ಮ ಮುಂಗಾರು ಸುಮಾರು 3100 ಮಿ.ಮೀ., ಅಕ್ಟೋಬರ್–ಡಿಸೆಂಬರ್ ಮೂರೂ ತಿಂಗಳು ಸೇರಿ ಸುಮಾರು 260. ಅದರಲ್ಲೂ ದೊಡ್ಡ ಪಾಲು ಅಕ್ಟೋಬರಿನ ಸಂಜೆ ಗುಡುಗು ಮಳೆಯದೇ. ಡಿಸೆಂಬರಿನ ವಾಡಿಕೆ ಎಷ್ಟು ಸಣ್ಣದೆಂದರೆ ಒಂದೇ ಸಂಜೆಯ ಮಳೆಗೆ "ಶೇಕಡಾ 200 ಹೆಚ್ಚು" ಅಂತ ಬರುತ್ತದೆ. ಶೇಕಡಾ ನೋಡಬೇಡಿ, ಮಿಲಿಮೀಟರ್ ನೋಡಿ.

ಈಗ ಪೆಸಿಫಿಕ್. ಎಲ್ ನಿನೊ ಆದಾಗ ಬಿಸಿನೀರು ಪೂರ್ವಕ್ಕೆ ಸರಿಯುತ್ತದೆ, ಅದರ ಮೇಲೆ ಏಳುವ ಮೋಡವೂ ಜೊತೆಗೆ ಸರಿಯುತ್ತದೆ. ಇಂಡೊನೇಷ್ಯಾದ ಮೇಲೆ ಗಾಳಿ ಕೆಳಗಿಳಿಯುತ್ತದೆ. ಅಲ್ಲಿಂದ ಹಿಂದೂ ಮಹಾಸಾಗರದ ಸಮಭಾಜಕದ ಉದ್ದಕ್ಕೆ ಮೂಡಣ ಗಾಳಿ ಬಲಗೊಂಡು ದಕ್ಷಿಣ ಭಾರತ, ಶ್ರೀಲಂಕಾ ಕಡೆಗೆ ತೇವ ಸೇರುತ್ತದೆ. ಲಾ ನಿನಾದಲ್ಲಿ ಇದು ತಿರುಗಾಮುರುಗಾ. ಇದಕ್ಕೆ ನಿನೊ 3.4 ಎಂಬ ಪಟ್ಟಿಯ (ಸಮಭಾಜಕದ ಆಚೀಚೆ 5 ಡಿಗ್ರಿ, ಪಶ್ಚಿಮ ರೇಖಾಂಶ 170ರಿಂದ 120) ನೀರಿನ ಮೇಲ್ಮೈ ವಾಡಿಕೆಗಿಂತ ಎಷ್ಟು ಬಿಸಿ ಅಥವಾ ತಂಪು ಎಂಬುದರ ಮೂರು ತಿಂಗಳ ಸರಾಸರಿ ನೋಡಬೇಕು. ಗಡಿ 0.5 ಡಿಗ್ರಿ ಸೆಲ್ಸಿಯಸ್: ಅಷ್ಟು ಬಿಸಿಯಾದರೆ ಎಲ್ ನಿನೊ, ಅಷ್ಟು ತಂಪಾದರೆ ಲಾ ನಿನಾ. ವಾರದ ಅಂಕಿ ಮೇಲೆ ಕೆಳಗೆ ಕುಣಿಯುತ್ತಿರುತ್ತದೆ, ಅದನ್ನು ನೋಡಿ ತೀರ್ಮಾನ ಮಾಡಬೇಡಿ.

ಹೆಚ್ಚಿನವರಿಗೆ ತಪ್ಪಿಹೋಗುವುದು ತಿಂಗಳ ವಿಚಾರ. ಶ್ರೀಲಂಕಾದ ದಾಖಲೆಯಲ್ಲಿ ಇದು ಚೆಂದ ಕಾಣುತ್ತದೆ: ಎಲ್ ನಿನೊ ಅಕ್ಟೋಬರ್–ಡಿಸೆಂಬರಿನಲ್ಲಿ ಮಳೆ ಹೆಚ್ಚಿಸುತ್ತದೆ, ಜನವರಿ–ಮಾರ್ಚ್‌ನಲ್ಲಿ ತಗ್ಗಿಸುತ್ತದೆ. ಅಂದರೆ ಕ್ಯಾಲೆಂಡರ್ ತಿರುಗುವಾಗ ಸಂಬಂಧವೇ ತಿರುಗುತ್ತದೆ. 2021ರ ಜನವರಿ ಲಾ ನಿನಾದ್ದು, ತಮಿಳುನಾಡಿನಲ್ಲಿ ಕೊಯ್ಲಿಗೆ ನಿಂತ ಭತ್ತ ಮಳೆಗೆ ಹಾಳಾದದ್ದು ಆಗಲೇ. "ಲಾ ನಿನಾ, ಹಾಗಾಗಿ ಒಣ ಚಳಿಗಾಲ" ಎಂಬ ಮಾತನ್ನು ಜನವರಿಗೆ ಎಳೆಯಬೇಡಿ.

ಘಟ್ಟದ_ಬುಡ (ಹೆಬ್ರಿ):

ಮೇಲಿನವರು ಹೇಳಿದ್ದು ಸರಿ. ನಮ್ಮ ಕಡೆಗೆ ಪೆಸಿಫಿಕ್‌ಗಿಂತ ಹತ್ತಿರದ ಸಂಗತಿ ಒಂದುಂಟು, ಹಿಂದೂ ಮಹಾಸಾಗರದ ದ್ವಿಧ್ರುವ. ಆಫ್ರಿಕಾ ಕಡೆಯ ನೀರು ಸುಮಾತ್ರಾ ಕಡೆಯದಕ್ಕಿಂತ ವಾಡಿಕೆ ಮೀರಿ ಬಿಸಿಯಾಗಿದ್ದು ವ್ಯತ್ಯಾಸ 0.4 ಡಿಗ್ರಿ ದಾಟಿದರೆ ಧನಾತ್ಮಕ. ಆಗ ಅರಬ್ಬಿ ಸಮುದ್ರವೇ ಎದ್ದು ಕೂರುತ್ತದೆ. 2019ರಲ್ಲಿ ದಾಖಲೆಯ ಧನಾತ್ಮಕ ದ್ವಿಧ್ರುವ ಇತ್ತು. ಅಕ್ಟೋಬರ್ ಕೊನೆಗೆ ಕ್ಯಾರ್ ಚಂಡಮಾರುತ, ಅದರ ಹಿಂದೆಯೇ "ಮಹಾ" ಎಂಬ ಹೆಸರಿನ ಇನ್ನೊಂದು. ತದ್ವಿರುದ್ಧ 2016: ಋಣಾತ್ಮಕ ದ್ವಿಧ್ರುವ, ಜೊತೆಗೆ ದುರ್ಬಲ ಲಾ ನಿನಾ, ತಮಿಳುನಾಡಿನ ಹಿಂಗಾರು ಶೇಕಡಾ 62 ಕೊರತೆ.

ಆದರೆ ದ್ವಿಧ್ರುವಕ್ಕೆ ಆಯುಷ್ಯ ಕಡಿಮೆ. ಡಿಸೆಂಬರ್ ಹೊತ್ತಿಗೆ ಮಳೆಯ ಪಟ್ಟಿ ದಕ್ಷಿಣಾರ್ಧ ಗೋಳಕ್ಕೆ ಸರಿದಾಗ ಸುಮಾತ್ರಾದ ಗಾಳಿ ಬದಲಾಗಿ ಅದು ಸಾಮಾನ್ಯವಾಗಿ ಕರಗುತ್ತದೆ. ಅಕ್ಟೋಬರ್, ನವೆಂಬರಿಗೆ ಉಪಯೋಗ, ಆಮೇಲೆ ಬಿಟ್ಟುಬಿಡಿ.

2021ರ ನವೆಂಬರ್ ಬಗ್ಗೆ ಕೇಳಿದಿರಿ. ದಕ್ಷಿಣ ಪರ್ಯಾಯ ದ್ವೀಪಕ್ಕೆ 1901ರಿಂದೀಚೆಗಿನ ಅತಿ ಹೆಚ್ಚು ನವೆಂಬರ್ ಮಳೆ ಅದು. ಸಮುದ್ರದ ಸೂಚ್ಯಂಕ ಹೇಳುವುದು ಇಡೀ ಋತುವಿನ ಒಲವು ಮಾತ್ರ. ಒಂದರ ಹಿಂದೊಂದು ವಾಯುಭಾರ ಕುಸಿತ ಬಂದರೆ ಒಲವನ್ನು ಮೀರಿ ಸುರಿಯುತ್ತದೆ. ಹಾಗಾಗಿ ಎರಡು–ಮೂರು ವಾರದ ಲೆಕ್ಕಕ್ಕೆ ಎಂಜೆಒ (ಮ್ಯಾಡೆನ್–ಜೂಲಿಯನ್ ಆಸಿಲೇಶನ್) ನೋಡಿ. 1971ರಲ್ಲಿ ಮ್ಯಾಡೆನ್ ಮತ್ತು ಜೂಲಿಯನ್ ಗುರುತಿಸಿದ ಮೋಡದ ಅಲೆ ಇದು. ಸಮಭಾಜಕದ ಉದ್ದಕ್ಕೆ ಸೆಕೆಂಡಿಗೆ ಸುಮಾರು 5 ಮೀಟರಿನಂತೆ ಪೂರ್ವಕ್ಕೆ ಸಾಗಿ 30–60 ದಿನಕ್ಕೆ ಸುತ್ತು ಹಾಕುತ್ತದೆ. ನಕ್ಷೆಯಲ್ಲಿ 8 ಹಂತ, ಅಲೆ ಎಲ್ಲಿದೆ ಅಂತ ಒಂದು ಚುಕ್ಕೆ ತೋರಿಸುತ್ತದೆ. 2 ಮತ್ತು 3 ಅಂದರೆ ಹಿಂದೂ ಮಹಾಸಾಗರದ ಮೇಲೆ ಉಂಟು, 4–5 ಇಂಡೊನೇಷ್ಯಾ, 6–7 ಪಶ್ಚಿಮ ಪೆಸಿಫಿಕ್. ಚುಕ್ಕೆ 2ರಿಂದ 4ರಲ್ಲಿದ್ದಾಗ ನಮ್ಮ ದಕ್ಷಿಣಕ್ಕೆ ಮಳೆಯ ಅವಕಾಶ ಜಾಸ್ತಿ, 6–7ಕ್ಕೆ ಹೋದಾಗ ಒಣ ಹವೆ. ಅಡಿಕೆ ಹರಡಲಿಕ್ಕೆ ನಾನು ಹೇಳುವುದಾದರೆ, ಚುಕ್ಕೆ 5 ದಾಟುವ ಹೊತ್ತಿಗೆ ಶುರು ಮಾಡಿ.

ಅಂಗಳದಡಿಕೆ (ಕಾರ್ಕಳ):

ಬಹಳ ಉಪಕಾರ. ಚುಕ್ಕೆ 3ರಲ್ಲಿದ್ದು ನಡುವಿನ ವೃತ್ತದ ಒಳಗೇ ಇದ್ದರೆ ಎಂತ ಅರ್ಥ? ಮತ್ತೆ ಫೆಂಗಲ್ ತರಹದ್ದನ್ನು ಎಷ್ಟು ದಿನ ಮುಂಚೆ ಹಿಡಿಯಬಹುದು?

ಘಟ್ಟದ_ಬುಡ (ಹೆಬ್ರಿ):

ವೃತ್ತದ ಒಳಗೆ ಅಂದರೆ ಬಲ 1ಕ್ಕಿಂತ ಕಡಿಮೆ, ಅಲೆ ದುರ್ಬಲ. ಆಗ ಹಂತದ ಸಂಖ್ಯೆಗೆ ಬೆಲೆ ಕೊಡಬೇಡಿ. ಹವಾಮಾನ ಇಲಾಖೆ ಪ್ರತಿ ಗುರುವಾರ ನಾಲ್ಕು ವಾರದ ವಿಸ್ತೃತ ಮುನ್ಸೂಚನೆ ಹಾಕುತ್ತದೆ. ಮೊದಲ ಎರಡು ವಾರದ ನಕ್ಷೆಯನ್ನು ನಂಬಿ ಕೆಲಸ ಮಾಡಬಹುದು, ಮೂರು–ನಾಲ್ಕನೆಯದನ್ನು ಒಲವು ಅಂತ ಮಾತ್ರ ತೆಗೆದುಕೊಳ್ಳಿ.

ಪಣಂಬೂರು_ಗಾಳಿ:

ಫೆಂಗಲ್ ಪ್ರಶ್ನೆಗೆ. ಕೊಲ್ಲಿಯ ಕುಸಿತ ನಮಗೆ ಮಳೆ ಕೊಡುತ್ತದೋ ಇಲ್ಲವೋ ಎನ್ನುವುದು ಅದು ಹೋಗುವ ದಾರಿಯ ಮೇಲೆ ನಿಂತಿದೆ. ದಡಕ್ಕೆ ಬರುವ ಮುಂಚೆ ಉತ್ತರ, ಈಶಾನ್ಯಕ್ಕೆ ತಿರುಗಿದರೆ ಅದು ಒಳನಾಡಿನ ಒಣ ಗಾಳಿಯನ್ನು ನಮ್ಮ ಮೇಲೆ ಎಳೆಯುತ್ತದೆ, ಚಾಲಿಗೆ ಅಂಥ ಹವೆ ಚಿನ್ನ. ತಮಿಳುನಾಡು ಹೊಕ್ಕು ಪಶ್ಚಿಮಕ್ಕೇ ಮುಂದುವರಿದರೆ ದುರ್ಬಲಗೊಂಡ ಸುಳಿ ಅರಬ್ಬಿ ಸಮುದ್ರಕ್ಕೆ ಇಳಿಯುವಾಗ ಕಡಲ ಕಡೆಯಿಂದ ತೇವ ಎಳೆದು ಘಟ್ಟದ ಬುಡದಲ್ಲಿ ಸುರಿಸುತ್ತದೆ. ಫೆಂಗಲ್ 2024 ನವೆಂಬರ್ 30ರ ರಾತ್ರಿ ದಡ ಸೇರಿತು, ಇಲ್ಲಿ ಜೋರು ಮಳೆ ಡಿಸೆಂಬರ್ 2–3ಕ್ಕೆ. ಎರಡು ದಿನದ ಆ ಅಂತರ ನಿಮ್ಮ ಕೈಯಲ್ಲಿರುವ ಸಮಯ. ಶ್ರೀಲಂಕಾ, ಕನ್ಯಾಕುಮಾರಿ ಬದಿಯಿಂದ ಲಕ್ಷದ್ವೀಪಕ್ಕೆ ಹೋದದ್ದು 2017ರ ಓಖಿ. ಅಂಥದ್ದರಲ್ಲಿ ಮಳೆಗಿಂತ ಅಲೆಯ ಅಪಾಯ ದೊಡ್ಡದು, ಸೋಮೇಶ್ವರ, ಉಳ್ಳಾಲದ ಬದಿಯವರು ನೋಡಿಕೊಳ್ಳಬೇಕು.

ತಿರುಗುತ್ತದೋ ನೇರ ಬರುತ್ತದೋ ಎಂದು ನಿರ್ಧರಿಸುವುದರಲ್ಲಿ ಮೆಡಿಟರೇನಿಯನ್ ಕಡೆಯಿಂದ ಬಂದು ಉತ್ತರ ಭಾರತಕ್ಕೆ ಚಳಿಗಾಲದ ಮಳೆ, ಹಿಮ ತರುವ ಪಶ್ಚಿಮದ ಅಡಚಣೆಗೂ (ವೆಸ್ಟರ್ನ್ ಡಿಸ್ಟರ್ಬೆನ್ಸ್) ಪಾಲುಂಟು. ಅದರ ಮೇಲ್ಗಾಳಿಯ ತಗ್ಗು ಮಧ್ಯ ಭಾರತದವರೆಗೆ ಇಳಿದರೆ ಕುಸಿತವನ್ನು ಉತ್ತರಕ್ಕೆ ಸೆಳೆಯುತ್ತದೆ. ಉತ್ತರ ಭಾರತದ ಮೇಲೆ ಅಧಿಕ ಒತ್ತಡ ಗಟ್ಟಿಯಾಗಿ ಕೂತಿದ್ದರೆ ಕುಸಿತ ಪಶ್ಚಿಮಕ್ಕೇ ತಳ್ಳಲ್ಪಡುತ್ತದೆ. ಕಾಶ್ಮೀರದಲ್ಲಿ ಹಿಮ ಬೀಳುವ ಸುದ್ದಿಗೂ ಕಾರ್ಕಳದ ಅಂಗಳಕ್ಕೂ ಸಂಬಂಧ ಇರುವುದು ಹೀಗೆ.

ಐದು ದಿನದ ಒಳಗೆ ನೋಡಬೇಕಾದದ್ದು 850 ಹೆಕ್ಟೊಪಾಸ್ಕಲ್, ಅಂದರೆ ಸುಮಾರು ಒಂದೂವರೆ ಕಿ.ಮೀ. ಎತ್ತರದ ಗಾಳಿ. ಮಂಗಳೂರಿನ ಮೇಲೆ ಅದು ಈಶಾನ್ಯದಿಂದ ಇದ್ದರೆ ನಿಶ್ಚಿಂತೆ. ಆಗ್ನೇಯ, ದಕ್ಷಿಣಕ್ಕೆ ತಿರುಗಿ ಲಕ್ಷದ್ವೀಪದ ಹತ್ತಿರ ಸುಳಿ ಕಂಡರೆ, ವಾತಾವರಣದ ಒಟ್ಟು ತೇವಾಂಶವೂ 50 ಮಿ.ಮೀ. ಹತ್ತಿರ ಏರುತ್ತಿದ್ದರೆ, ತಯಾರಾಗಿ. ವಿಂಡಿ ಎಂಬ ಹವಾಮಾನ ಜಾಲತಾಣದಲ್ಲಿ ಎರಡೂ ಸಿಗುತ್ತವೆ. ಮುನ್ಸೂಚನೆಯ ಒಂದೇ ಕಂಪ್ಯೂಟರ್ ಮಾದರಿ ನೋಡಬೇಡಿ. ಯುರೋಪಿನದು, ಅಮೆರಿಕದ್ದು ಎರಡೂ ಒಂದೇ ದಾರಿ ತೋರಿಸಿದಾಗ ನಂಬಿ. ದಿನದ ಮಳೆ ಪಂಚಾಯತ್ ಮಟ್ಟದಲ್ಲಿ ಬೇಕಾದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳು ಉಂಟು.

ಗೇರುಹೂ (ಬ್ರಹ್ಮಾವರ):

ಅಂಗಳದ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಹರಡಿದ ಮೊದಲ ಹತ್ತು ದಿನ ಸಿಪ್ಪೆಯಲ್ಲಿ ನೀರು ತುಂಬ, ಆಗ ನೆನೆದರೆ ಬೂಸ್ಟು ಒಳಗೆ ಹೊಕ್ಕು ಕರಿಗೋಟಿನ (ಕಪ್ಪಾಗಿ ಕೆಟ್ಟ ಅಡಿಕೆ) ಪಾಲು ಏರುತ್ತದೆ. ಮಳೆ ಅಂತ ರಾಶಿ ಹಾಕಿ ಟಾರ್ಪಾಲು ಬಿಗಿಯಾಗಿ ಮುಚ್ಚಿದರೆ ಮಳೆಗಿಂತ ದೊಡ್ಡ ನಷ್ಟ: ಒಳಗೆ ಬೆವತು ಬಿಸಿಯಾಗುತ್ತದೆ. ತೆಳುವಾಗಿಯೇ ಬಿಟ್ಟು, ಶೀಟನ್ನು ಗೂಟದ ಮೇಲೆ ಎತ್ತರಿಸಿ, ಎರಡು ಬದಿ ಗಾಳಿಗೆ ತೆರೆದಿಡಿ. 200 ಮೈಕ್ರಾನಿನ ಯುವಿ ಶೀಟಿನ ಸೋಲಾರ್ ಗೂಡು ಇದ್ದವರೂ ಮೋಡದ ದಿನ ಬಾಗಿಲು ಮುಚ್ಚಬೇಡಿ.

ಉದ್ದು ಬಿತ್ತುವವರು ಕೊಲ್ಲಿಯಲ್ಲಿ ಕುಸಿತ ಪಶ್ಚಿಮಕ್ಕೆ ಹೊರಟದ್ದು ಕಂಡರೆ ನಾಲ್ಕು ದಿನ ತಡೆಯಿರಿ, ಗದ್ದೆಯಲ್ಲಿ ನೀರು ನಿಂತರೆ ಬೀಜ ಕೊಳೆಯುತ್ತದೆ. ಗೇರು ಚಿಗುರಿ ಹೂ ಬಿಡುವ ಹೊತ್ತಿಗೆ ಮಳೆ ಬಾರದೆ ಬರೀ ಮೋಡ ಕವಿದರೂ ಟೀ ಸೊಳ್ಳೆ (ಚಿಗುರು, ಹೂವಿನ ರಸ ಹೀರುವ ಕೀಟ) ಏಳುತ್ತದೆ. ಮೋಡ ಸರಿದ ಮರುದಿನವೇ ಚಿಗುರಿನ ತುದಿ ಕಪ್ಪಾಗಿದೆಯಾ ನೋಡಿ, ಸಿಂಪಡಣೆ ಆಮೇಲೆ ತೀರ್ಮಾನಿಸಿ.