ಸಹಾಯ ಬೇಕು: ಹಳೆ ಗಾರ್ಡನ್ ಟ್ರ್ಯಾಕ್ಟರ್ ಬಾನೆಟ್ ಸರಿಯಾಗಿ ಕೂರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಹಳೆಯ ಗಾರ್ಡನ್ ಟ್ರ್ಯಾಕ್ಟರ್ ಒಂದನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸುತ್ತಿದ್ದೇನೆ. ಎಂಜಿನ್, ಗೇರ್‌ಬಾಕ್ಸ್ ಕೆಲಸ ಮುಗಿದಿದೆ. ತೊಂದರೆ ಇರುವುದು ಬಾನೆಟ್‌ನದ್ದು.

ಮುಚ್ಚಿದಾಗ ಡ್ಯಾಶ್‌ಬೋರ್ಡ್ ಹತ್ತಿರ ಎಡಗಡೆ ಸಂದು 4 ಮಿ.ಮೀ., ಬಲಗಡೆ 11 ಮಿ.ಮೀ. ಎಡಮೂಲೆ ಉಜ್ಜಿ ಉಜ್ಜಿ ಪ್ರೈಮರ್ ಕಿತ್ತುಬಂದು, ಉಗುರಿನಷ್ಟು ಜಾಗದಲ್ಲಿ ತಗಡು ಹೊಳೆಯುತ್ತಿದೆ. ಫ್ರೇಮ್ ಸೊಟ್ಟಗಾಗಿದೆಯೇನೋ ಎಂದು ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಅಳೆದೆ, ಎರಡೂ ಒಂದೇ. ತಿರುಚಿದ್ದರೆ ಟೇಪಿನಲ್ಲಿ ಗೊತ್ತಾಗಲ್ಲ ಅಲ್ವಾ, ಅದಕ್ಕೆ ಮುಂದೆ ಹಿಂದೆ ರಸಮಟ್ಟ ಇಟ್ಟೂ ನೋಡಿದೆ. ಸರಿಯಾಗಿಯೇ ಇದೆ.

ನನ್ನ ಅನುಮಾನ ಹಿಂಜ್ ಮೇಲೆ. ಬಲಗಡೆ ಪಿನ್ನಿನ ತೂತು ಸವೆದು ಮೊಟ್ಟೆಯಾಕಾರ ಆಗಿದೆ. ಬಾನೆಟ್ ಅಲ್ಲಾಡಿಸಿದರೆ ಕಟಕಟ ಅನ್ನುತ್ತದೆ. ವಾಷರ್ ಕೊಟ್ಟು ನೋಡಿದೆ. ಸಂದು ಸರಿಹೋಯಿತು, ಆದರೆ ಮುಂದಿನ ಗ್ರಿಲ್ ಒಂದು ಕಡೆ ಎದ್ದು ನಿಂತಿತು.

ತೂತಿಗೆ ವೆಲ್ಡ್ ತುಂಬಿ ಹೊಸದಾಗಿ ಕೊರೆಯಬೇಕೋ, ಬುಷ್ (ತೂತಿನೊಳಗೆ ಕೂರುವ ಸಣ್ಣ ಕೊಳವೆ) ಕೂರಿಸಬೇಕೋ? ತಗಡು ತೆಳು, ಬಿಸಿ ಜಾಸ್ತಿಯಾದರೆ ಸೊಟ್ಟಗಾಗುತ್ತದೆ ಅಂತ ಭಯ. ತೂತನ್ನೇ ಉದ್ದ ಮಾಡಿ ಹೊಂದಿಸು ಅಂತಾರೆ ಕೆಲವರು. ನನಗೆ ಅದಕ್ಕೆ ಮನಸ್ಸಿಲ್ಲ, ಮೂಲ ಅಳತೆಯೇ ಹೋಗಿಬಿಡುತ್ತದೆ.

ಪೇಂಟ್ ಇನ್ನೂ ಹೊಡೆದಿಲ್ಲ. ಬೋಲ್ಟ್ ಬಿಗಿಯುವಾಗ ಹಿಂಜ್ ಮೊದಲೋ, ಡ್ಯಾಶ್ ಮೊದಲೋ? ಕೈಯಾರೆ ಮಾಡಿದವರು ದಯವಿಟ್ಟು ಹೇಳಿ.